ಎರ್ಟಾಪೆನೆಮ್‌ಗೆ ಜಗ್ಗದ ಕ್ಲೆಬ್ಸಿಯೆಲ್ಲಾ, ಕಾರ್ಬಪೆನಿಮೇಸ್ ಪರೀಕ್ಷೆ ಮಾತ್ರ ನೆಗೆಟಿವ್: ಇದನ್ನು ಹೇಗೆ ಓದುವುದು?

ಪ್ರಶ್ನೆ: ತಟ್ಟೆ_ಓದುಗ

ರಕ್ತದ ಕಲ್ಚರ್‌ನಿಂದ ಬಂದ ಒಂದು ಬ್ಯಾಕ್ಟೀರಿಯಾ, ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ. ಡಿಸ್ಕ್ ಡಿಫ್ಯೂಷನ್ (ಔಷಧದ ಬಿಲ್ಲೆಯ ಸುತ್ತ ಬೆಳವಣಿಗೆ ನಿಂತ ವಲಯದ ಅಗಲ; ಅಗಲ ಹೆಚ್ಚಿದಷ್ಟೂ ಔಷಧ ಚೆನ್ನಾಗಿ ನಾಟುತ್ತದೆ) ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕೊಡುತ್ತೇನೆ, ಎಲ್ಲವೂ ಮಿಲಿಮೀಟರಿನಲ್ಲಿ.

ಕಾರ್ಬಪೆನೆಮ್ ಗುಂಪಿನ ಎರ್ಟಾಪೆನೆಮ್ 17, ಮೆರೊಪೆನೆಮ್ 24, ಇಮಿಪೆನೆಮ್ 25. ಸೆಫಾಕ್ಸಿಟಿನ್ 12, ಸೆಫೊಟ್ಯಾಕ್ಸಿಮ್ 9, ಸೆಫ್ಟಾಜಿಡಿಮ್ 11, ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಂ 15. ಸಿಪ್ರೊಫ್ಲಾಕ್ಸಸಿನ್ 14, ಅಮಿಕಾಸಿನ್ 21.

ಕಿಣ್ವ ತಡೆಯುವ ಕ್ಲಾವುಲನೇಟ್ ಸೇರಿದ ಜೋಡಿ ಡಿಸ್ಕ್ ಇಟ್ಟಾಗ ಸೆಫೊಟ್ಯಾಕ್ಸಿಮ್ 9ರಿಂದ 13ಕ್ಕೆ, ಸೆಫ್ಟಾಜಿಡಿಮ್ 11ರಿಂದ 14ಕ್ಕೆ ಏರಿತು. ಪಾಸಿಟಿವ್ ಎನ್ನಲು ಬೇಕಾದ 5 ಮಿ.ಮೀ. ವ್ಯತ್ಯಾಸ ಎರಡರಲ್ಲೂ ಬರಲಿಲ್ಲ. ಕಾರ್ಬಪೆನಿಮೇಸ್ (ಕಾರ್ಬಪೆನೆಮ್ ಒಡೆಯುವ ಕಿಣ್ವ) ಹುಡುಕುವ ಎಂಸಿಐಎಂ ಪರೀಕ್ಷೆಯಲ್ಲಿ ವಲಯ 21 ಮಿ.ಮೀ., ಅಂದರೆ ನೆಗೆಟಿವ್. ಕಂಟ್ರೋಲ್‌ಗೆ ಇಟ್ಟ ಇ. ಕೋಲಿ ಎಟಿಸಿಸಿ 25922 ಎಲ್ಲ ಡಿಸ್ಕ್‌ಗಳಿಗೂ ಮಿತಿಯೊಳಗೇ ಇತ್ತು.

ನನ್ನ ಅನುಮಾನಗಳು ನಾಲ್ಕು. ಎಂಸಿಐಎಂ ತಪ್ಪಿತೇ, ಅಥವಾ ಕಾರ್ಬಪೆನಿಮೇಸ್ ಇಲ್ಲದೆಯೂ ಎರ್ಟಾಪೆನೆಮ್ ಸೋಲಬಹುದೇ? ಕ್ಲಾವುಲನೇಟ್ ಪರೀಕ್ಷೆ ಹೀಗೆ ಬಂದರೆ ಇಎಸ್‌ಬಿಎಲ್ (ಸೆಫೊಟ್ಯಾಕ್ಸಿಮ್‌ನಂಥ ಔಷಧಗಳನ್ನು ಒಡೆಯುವ ಕಿಣ್ವ) ಇಲ್ಲ ಎಂದು ಬರೆಯಬಹುದೇ? ಕೊಲಿಸ್ಟಿನ್ ಡಿಸ್ಕ್ ಸುತ್ತ 13 ಮಿ.ಮೀ. ವಲಯ ಇದೆ, ಅದನ್ನು ನಂಬಬಹುದೇ? ಕೊನೆಯದು, ಇಂಥ ಕಡೆ ಎಲ್ಲರೂ "ಪೋರಿನ್ ಹೋಗಿದೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಪೋರಿನ್ ಹೋದರೆ ಕೋಶದಲ್ಲಿ ನಿಜವಾಗಿ ಏನಾಗುತ್ತದೆ?

ಉತ್ತರ 1: ಹೊರಪೊರೆ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ಮೂರೂ ಅದರ ಮೇಲೆ ನಿಂತಿವೆ.

ಗ್ರಾಂ-ನೆಗೆಟಿವ್ ಕೋಶಕ್ಕೆ ಎರಡು ಪೊರೆ. ನಡುವಿನ ಸಂದಿಯ ಹೆಸರು ಪೆರಿಪ್ಲಾಸಂ. ಪೆಪ್ಟಿಡೋಗ್ಲೈಕನ್ ಗೋಡೆ ಆ ಸಂದಿಯಲ್ಲೇ ತೆಳ್ಳಗೆ ಹಾಸಿಕೊಂಡಿರುತ್ತದೆ. ಗ್ರಾಂ ಬಣ್ಣ ಹಾಕುವಾಗ ಆಲ್ಕೋಹಾಲ್ ತಾಗಿದೊಡನೆ ಹೊರಪೊರೆ ಕರಗಿ, ಅಷ್ಟು ತೆಳುವಾದ ಗೋಡೆಗೆ ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ.

ಹೊರಪೊರೆಯ ಒಳಮೈ ಫಾಸ್ಫೋಲಿಪಿಡ್, ಹೊರಮೈ ಲಿಪೊಪಾಲಿಸ್ಯಾಕರೈಡ್. ಇದರ ಬುಡವೇ ಲಿಪಿಡ್ ಎ. ಇ. ಕೋಲಿಯಲ್ಲಿ ಅದಕ್ಕೆ ಆರು ಕೊಬ್ಬಿನ ಬಾಲಗಳು, ಆರೂ ಒತ್ತೊತ್ತಾಗಿ ಕೂತಿರುತ್ತವೆ. ಪಕ್ಕಪಕ್ಕದ ಅಣುಗಳ ಋಣಾವೇಶದ ಫಾಸ್ಫೇಟುಗಳನ್ನು ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳು ಹೊಲಿಗೆ ಹಾಕಿದಂತೆ ಬಿಗಿದಿರುತ್ತವೆ. ಹೀಗಾಗಿ ಕೊಬ್ಬಿನಲ್ಲಿ ಕರಗುವ ಔಷಧವೂ ಈ ಪೊರೆಯನ್ನು ಸಲೀಸಾಗಿ ದಾಟದು. ನೀರಿನಲ್ಲಿ ಕರಗುವ ಔಷಧಕ್ಕಂತೂ ಪೋರಿನ್ ಒಂದೇ ದಾರಿ. ಪೋರಿನ್ ಎಂದರೆ ಪೀಪಾಯಿಯಾಕಾರದ ಪ್ರೋಟೀನ್. ಮೂರು ಪೀಪಾಯಿ ಒಟ್ಟಿಗೆ ಕೂತಿರುತ್ತವೆ, ಪ್ರತಿಯೊಂದರ ನಡುವೆಯೂ ಒಂದು ಇಕ್ಕಟ್ಟಾದ ರಂಧ್ರ. ಇ. ಕೋಲಿಯ ಒಂಪ್‌ಎಫ್‌ನಲ್ಲಿ ಆ ರಂಧ್ರದ ಅತಿ ಕಿರಿದಾದ ಜಾಗ ಸುಮಾರು 0.7 × 1.1 ನ್ಯಾನೋಮೀಟರ್. ಅಂದಾಜು 600 ಡಾಲ್ಟನ್‌ಗಿಂತ ದೊಡ್ಡ ಅಣು ಅದರಲ್ಲಿ ತೂರುವುದು ಕಷ್ಟ. ಸುಮಾರು 1450 ಡಾಲ್ಟನ್ ತೂಗುವ ವ್ಯಾಂಕೊಮೈಸಿನ್ ಇಲ್ಲಿ ಕೆಲಸಕ್ಕೆ ಬಾರದಿರುವುದು ಇದಕ್ಕೇ. ಅದು ಹಿಡಿಯಬೇಕಾದ ಗುರಿ ಒಳಗಡೆ ಇದ್ದೇ ಇದೆ, ಅಲ್ಲಿಗೆ ತಲುಪುವ ದಾರಿ ಇಲ್ಲ.

ಕ್ಲೆಬ್ಸಿಯೆಲ್ಲಾದಲ್ಲಿ ಮುಖ್ಯವಾದ ಪೋರಿನ್‌ಗಳು ಎರಡು, ಒಂಪ್‌ಕೆ35 ಮತ್ತು ಒಂಪ್‌ಕೆ36. ಮೊದಲನೆಯದು ಅಗಲ, ಎರಡನೆಯದು ತುಸು ಕಿರಿದು. ರೋಗಿಗಳಿಂದ ಬರುವ ಇಎಸ್‌ಬಿಎಲ್ ತಳಿಗಳಲ್ಲಿ ಒಂಪ್‌ಕೆ35 ಕೆಟ್ಟಿರುವುದು ತೀರ ಸಾಮಾನ್ಯ. ಜೀನಿನ ನಡುವೆ ಅಕಾಲದಲ್ಲಿ ಸ್ಟಾಪ್ ಕೋಡಾನ್ ಬಂದಿರುತ್ತದೆ, ಅಥವಾ ಜಿಗಿಯುವ ಡಿಎನ್‌ಎ ತುಣುಕೊಂದು ಬಂದು ಕೂತಿರುತ್ತದೆ. ಆಗ ಭಾರವೆಲ್ಲ ಒಂಪ್‌ಕೆ36ರ ಮೇಲೆ. ಅದೂ ಕೆಟ್ಟರೆ ಬಾಗಿಲು ಬಹುತೇಕ ಮುಚ್ಚಿದಂತೆ. ಪೂರ್ತಿ ಕೆಡಲೇಬೇಕೆಂದೂ ಇಲ್ಲ. ರಂಧ್ರದೊಳಕ್ಕೆ ಚಾಚಿಕೊಂಡಿರುವ ಮೂರನೆಯ ಕುಣಿಕೆಯಲ್ಲಿ ಗ್ಲೈಸಿನ್, ಆಸ್ಪಾರ್ಟೇಟ್ ಎಂಬ ಎರಡೇ ಅಮೈನೋ ಆಮ್ಲ ಹೆಚ್ಚಾದರೂ ರಂಧ್ರ ಕಿರಿದಾಗುತ್ತದೆ. ಸಣ್ಣ ಪೋಷಕಗಳು ದಾಟುತ್ತವೆ, ಔಷಧ ಹೊರಗೇ ಉಳಿಯುತ್ತದೆ.

ಈಗ ಮುಖ್ಯ ವಿಷಯ. ಸೆಫೊಟ್ಯಾಕ್ಸಿಮ್, ಕಾರ್ಬಪೆನೆಮ್‌ನಂಥ ಬೀಟಾ-ಲ್ಯಾಕ್ಟಂ ಔಷಧಗಳ ಗುರಿ ಪೆರಿಪ್ಲಾಸಂ ಕಡೆಗೆ ಮುಖ ಮಾಡಿದೆ. ಅಲ್ಲಿ ಔಷಧ ಎಷ್ಟು ನಿಲ್ಲುತ್ತದೆ ಎನ್ನುವುದು ಮೂರು ವೇಗಗಳ ಲೆಕ್ಕ: ಪೋರಿನ್ ಮೂಲಕ ಎಷ್ಟು ಬರುತ್ತದೆ, ಕಿಣ್ವ ಎಷ್ಟನ್ನು ಒಡೆಯುತ್ತದೆ, ಪಂಪ್ ಎಷ್ಟನ್ನು ಹೊರಗೆ ದೂಡುತ್ತದೆ. ಸಿಟಿಎಕ್ಸ್-ಎಂ (ಒಂದು ಬಗೆಯ ಇಎಸ್‌ಬಿಎಲ್) ಅಥವಾ ಆಂಪ್‌ಸಿ (ಇಂಥ ಔಷಧ ಒಡೆಯುವ ಇನ್ನೊಂದು ಬಗೆ) ಕಿಣ್ವಗಳು ಕಾರ್ಬಪೆನೆಮನ್ನು ಒಡೆಯುವುದು ಬಲು ನಿಧಾನ. ಬಾಗಿಲು ತೆರೆದಿದ್ದಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಬಾಗಿಲು ಮುಚ್ಚಿ ಔಷಧ ಹನಿಹನಿಯಾಗಿ ಬರತೊಡಗಿದರೆ ಅದೇ ನಿಧಾನದ ಕಿಣ್ವವೂ ಸಾಕಾಗುತ್ತದೆ. ಪೋರಿನ್ ನಷ್ಟ ಒಂದೇ ಇದ್ದರೆ ಎರ್ಟಾಪೆನೆಮ್ ಇಷ್ಟು ಕುಸಿಯುವುದಿಲ್ಲ, ಕಿಣ್ವ ಒಂದೇ ಇದ್ದರೂ ಕುಸಿಯುವುದಿಲ್ಲ. ಎರಡೂ ಸೇರಬೇಕು.

ಮೂರು ಕಾರ್ಬಪೆನೆಮ್‌ಗಳಲ್ಲಿ ಎರ್ಟಾಪೆನೆಮ್ಮೇ ಮೊದಲು ಬೀಳುವುದಕ್ಕೂ ಇದೇ ಕಾರಣ. ಇಮಿಪೆನೆಮ್ ಸುಮಾರು 299 ಡಾಲ್ಟನ್, ಮೆರೊಪೆನೆಮ್ 383, ಎರ್ಟಾಪೆನೆಮ್ 475. ಎರ್ಟಾಪೆನೆಮ್‌ನ ಪಕ್ಕದ ಸರಪಳಿಯಲ್ಲಿ ಋಣಾವೇಶ ಬೇರೆ ಹೆಚ್ಚು. ಪೋರಿನ್‌ನ ರಂಧ್ರ ಋಣಾವೇಶದ ಅಣುವನ್ನು ಇಷ್ಟಪಡುವುದಿಲ್ಲ. ನಿಮ್ಮ 17, 24, 25 ಎಂಬ ಏರಿಕೆ ಇದೇ ಕ್ರಮದಲ್ಲಿದೆ, ನೋಡಿ.

ಉತ್ತರ 2: ಕಂಟ್ರೋಲ್_ಪ್ಲೇಟ್

ಮೇಲಿನ ವಿವರಣೆ ಸರಿ. ಆದರೆ "ಪೋರಿನ್" ಎಂದು ತೀರ್ಮಾನಿಸುವ ಮುಂಚೆ ಎಂಸಿಐಎಂ ಸರಿಯಾಗಿ ನಡೆದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ನಿಜವಾದ ಕಾರ್ಬಪೆನಿಮೇಸನ್ನು ಪೋರಿನ್ ತಲೆಗೆ ಕಟ್ಟಿಬಿಟ್ಟರೆ, ಪ್ಲಾಸ್ಮಿಡ್ (ಕೋಶದಿಂದ ಕೋಶಕ್ಕೆ ದಾಟಬಲ್ಲ ಡಿಎನ್‌ಎ ಉಂಗುರ) ಮೇಲೆ ಕೂತು ವಾರ್ಡ್‌ನಿಂದ ವಾರ್ಡ್‌ಗೆ ಹರಡುವ ಜೀನನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ಕ್ರಮ ಹೀಗೆ. 2 ಮಿ.ಲೀ. ಟ್ರಿಪ್ಟಿಕೇಸ್ ಸೋಯಾ ಬ್ರಾತ್‌ಗೆ, ರಾತ್ರಿಯಿಡೀ ಬೆಳೆದ ತಾಜಾ ಕಾಲನಿಯನ್ನು 1 ಮೈಕ್ರೋಲೀಟರ್ ಲೂಪ್ ತುಂಬ ತೆಗೆದು ಬೆರೆಸಿ. ಸ್ಯೂಡೊಮೊನಾಸ್ ಆದರೆ 10 ಮೈಕ್ರೋಲೀಟರ್ ಲೂಪ್. 10ರಿಂದ 15 ಸೆಕೆಂಡ್ ವೋರ್ಟೆಕ್ಸ್ ಮಾಡಿ. 10 ಮೈಕ್ರೋಗ್ರಾಂ ಮೆರೊಪೆನೆಮ್ ಡಿಸ್ಕನ್ನು ಪೂರ್ತಿ ಮುಳುಗಿಸಿ. 35 ಡಿಗ್ರಿಯಲ್ಲಿ 4 ಗಂಟೆ, ಹೆಚ್ಚುಕಮ್ಮಿ 15 ನಿಮಿಷ. ಆ ಹೊತ್ತಿಗೆ ಮುಲ್ಲರ್-ಹಿಂಟನ್ ತಟ್ಟೆಯ ಮೇಲೆ 0.5 ಮ್ಯಾಕ್‌ಫರ್ಲ್ಯಾಂಡ್‌ನ (ಕೋಶಸಾಂದ್ರತೆಯ ಅಳತೆ) ಇ. ಕೋಲಿ 25922 ಹಚ್ಚಿ ಸಿದ್ಧವಾಗಿರಲಿ. ಡಿಸ್ಕನ್ನು ಲೂಪಿನಿಂದ ಎತ್ತುವಾಗ ಕೊಳವೆಯ ಒಳಗೋಡೆಗೆ ಒತ್ತಿ ಎಳೆದು, ಹೆಚ್ಚಿನ ದ್ರವ ಹಿಂಡಿ, ತಟ್ಟೆಯ ಮೇಲಿಡಿ. 18ರಿಂದ 24 ಗಂಟೆ ಬಿಟ್ಟು ಓದಿ. 6ರಿಂದ 15 ಮಿ.ಮೀ. ಬಂದರೆ ಪಾಸಿಟಿವ್. 16ರಿಂದ 18ರ ವಲಯದೊಳಗೆ ಚುಕ್ಕಿ ಕಾಲನಿಗಳಿದ್ದರೂ ಪಾಸಿಟಿವ್, ಕಾಲನಿ ಇಲ್ಲದಿದ್ದರೆ ಅನಿಶ್ಚಿತ. 19 ಮತ್ತು ಅದಕ್ಕಿಂತ ಹೆಚ್ಚು ಇದ್ದು ವಲಯ ಶುಭ್ರವಾಗಿದ್ದರೆ ನೆಗೆಟಿವ್.

ಎಡವುವ ಜಾಗಗಳು: ಬ್ಯಾಕ್ಟೀರಿಯಾ ಕಡಿಮೆ ಬಿದ್ದರೆ ಔಷಧ ಒಡೆಯುವುದು ಸಾಲದೆ ಸುಳ್ಳು ನೆಗೆಟಿವ್. ಲೂಪ್ "ತುಂಬ" ಎನ್ನುವುದನ್ನು ಅಕ್ಷರಶಃ ತೆಗೆದುಕೊಳ್ಳಿ. ಹಳೆಯ ಅಥವಾ ತೇವ ಹಿಡಿದ ಮೆರೊಪೆನೆಮ್ ಡಿಸ್ಕ್‌ನಲ್ಲಿ ಔಷಧ ಆಗಲೇ ಕೆಟ್ಟಿರುತ್ತದೆ, ವಲಯ ತಾನಾಗಿ ಕುಗ್ಗಿ ಸುಳ್ಳು ಪಾಸಿಟಿವ್ ಬರುತ್ತದೆ. ಇದನ್ನು ಹಿಡಿಯಲಿಕ್ಕೇ ನೆಗೆಟಿವ್ ಕಂಟ್ರೋಲ್ ಬೇಕು. ಕೆ. ನ್ಯುಮೋನಿಯೆ ಬಿಎಎ-1705 ಪಾಸಿಟಿವ್, ಬಿಎಎ-1706 ನೆಗೆಟಿವ್, ಎರಡೂ ಅದೇ ದಿನ ಪಕ್ಕದಲ್ಲೇ ಓಡಬೇಕು. ನೀವು ಹೇಳಿರುವ 25922 ಡಿಸ್ಕ್ ಡಿಫ್ಯೂಷನ್‌ಗೆ ಸರಿ, ಎಂಸಿಐಎಂಗೆ ಸಾಲದು.

ಆಕ್ಸಾ-48 ಗುಂಪಿನ ಕಿಣ್ವಗಳು ಕಾರ್ಬಪೆನೆಮನ್ನು ಮೆಲ್ಲಗೆ ಒಡೆಯುತ್ತವೆ. ಅಪರೂಪಕ್ಕೆ ಎಂಸಿಐಎಂನಿಂದಲೂ ತಪ್ಪಿಸಿಕೊಳ್ಳುವುದು ಅವೇ. ನಿಮ್ಮ ಮೆರೊಪೆನೆಮ್ 24 ಚಿಕಿತ್ಸೆಯ ಮಿತಿಯಲ್ಲಿ ಸಂವೇದಿಯೇ (ಔಷಧಕ್ಕೆ ಬಗ್ಗುವಂಥದು) ಹೌದು. ಅಮೆರಿಕದ ಮಾನದಂಡ ಸಂಸ್ಥೆ ಸಿಎಲ್‌ಎಸ್‌ಐ ಪ್ರಕಾರ 23ರಿಂದ ಮೇಲೆ ಸಂವೇದಿ. ಆದರೆ ಕಾರ್ಬಪೆನಿಮೇಸ್ ಶೋಧಕ್ಕೆ ಯುರೋಪಿನ ಅಂಥದೇ ಸಂಸ್ಥೆ ಯುಕಾಸ್ಟ್ ಇಟ್ಟಿರುವ ಗೆರೆ 28, ಅದಕ್ಕಿಂತ ಕೆಳಗಿದ್ದರೆ ಹುಡುಕಬೇಕು. ಜತೆಗೆ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಂ ಕೂಡ ಬಿದ್ದಿದೆ. ಹಾಗಾಗಿ ಮುಖ್ಯ ಕಾರ್ಬಪೆನಿಮೇಸ್‌ಗಳಾದ ಕೆಪಿಸಿ, ಎನ್‌ಡಿಎಂ, ವಿಐಎಂ, ಐಎಂಪಿ, ಆಕ್ಸಾ-48 ಈ ಐದಕ್ಕೂ ಪಿಸಿಆರ್ ಅಥವಾ ಇಮ್ಯುನೊ ಪಟ್ಟಿ ಪರೀಕ್ಷೆ ಮಾಡಿಸಿ. ಟೆಮೊಸಿಲಿನ್ ಡಿಸ್ಕ್ ಸಿಕ್ಕರೆ ಅದೂ ಒಳ್ಳೆಯ ಸುಳಿವು: 30 ಮೈಕ್ರೋಗ್ರಾಂ ಡಿಸ್ಕ್‌ಗೆ 11 ಮಿ.ಮೀ.ಗಿಂತ ಕಡಿಮೆ ಬಂದರೆ ಆಕ್ಸಾ-48 ಶಂಕೆ ಬಲವಾಗುತ್ತದೆ.

ಜೀನ್ ಪರೀಕ್ಷೆ ತನ್ನ ಪಟ್ಟಿಯಲ್ಲಿರುವುದನ್ನು ಮಾತ್ರ ಹುಡುಕುತ್ತದೆ, ಜಿಇಎಸ್-5ರಂಥ ವಿರಳ ಕಿಣ್ವ ಅದಕ್ಕೆ ಕಾಣದು. ಎಂಸಿಐಎಂ ಹೆಸರು ಕೇಳುವುದಿಲ್ಲ, ಔಷಧ ಒಡೆಯಿತೇ ಎಂದಷ್ಟೇ ನೋಡುತ್ತದೆ. ಆದ್ದರಿಂದ ಎರಡನ್ನೂ ಮಾಡಿ, ಒಂದರ ಕುರುಡುಜಾಗವನ್ನು ಇನ್ನೊಂದು ನೋಡಿಕೊಳ್ಳುತ್ತದೆ.

ಕಾರ್ಬಪೆನಿಮೇಸ್‌ಗೆಂದಿದ್ದ ಹಳೆಯ ಹಾಡ್ಜ್ ಪರೀಕ್ಷೆ ಯಾರಾದರೂ ಸೂಚಿಸಿದರೆ ಬೇಡ ಎನ್ನಿ. ಇಎಸ್‌ಬಿಎಲ್ ಅಥವಾ ಆಂಪ್‌ಸಿ ಜತೆ ಪೋರಿನ್ ನಷ್ಟ ಇರುವ ತಳಿಗಳಲ್ಲೇ ಅದು ಸುಳ್ಳು ಪಾಸಿಟಿವ್ ಕೊಡುತ್ತಿತ್ತು, ಎನ್‌ಡಿಎಂ ಇದ್ದಾಗ ಸುಳ್ಳು ನೆಗೆಟಿವ್. ಸಿಎಲ್‌ಎಸ್‌ಐ 2018ರಲ್ಲಿ ಅದನ್ನು ಕೈಬಿಟ್ಟಿತು.

ಉತ್ತರ 3: ಬೀಟಾ_ಉಂಗುರ

ಎರಡನೇ ಪ್ರಶ್ನೆಗೆ: ಇಲ್ಲ, "ಇಎಸ್‌ಬಿಎಲ್ ಇಲ್ಲ" ಎಂದು ಬರೆಯಬೇಡಿ.

ಕ್ಲಾವುಲನೇಟ್ ಇಎಸ್‌ಬಿಎಲ್‌ಅನ್ನು ಕಟ್ಟಿಹಾಕುತ್ತದೆ, ಆಂಪ್‌ಸಿಯನ್ನು ಕಟ್ಟಿಹಾಕುವುದಿಲ್ಲ. ಎರಡೂ ಕಿಣ್ವ ಒಂದೇ ಕೋಶದಲ್ಲಿದ್ದರೆ, ಇಎಸ್‌ಬಿಎಲ್ ಸುಮ್ಮನಾದ ಮೇಲೂ ಆಂಪ್‌ಸಿ ಸೆಫೊಟ್ಯಾಕ್ಸಿಮ್, ಸೆಫ್ಟಾಜಿಡಿಮ್ ಎರಡನ್ನೂ ಒಡೆಯುತ್ತಲೇ ಇರುತ್ತದೆ. ವಲಯ ಏರುವುದಿಲ್ಲ, ಪರೀಕ್ಷೆ ನೆಗೆಟಿವ್ ಎನಿಸುತ್ತದೆ. ನಿಮ್ಮ 4 ಮತ್ತು 3 ಮಿ.ಮೀ. ಏರಿಕೆ ನನಗೆ ಹಾಗೇ ಕಾಣುತ್ತಿದೆ: ಏನೋ ಅಲುಗಿದೆ, ಪೂರ್ತಿ ಮೇಲೆ ಬಂದಿಲ್ಲ.

ಇಲ್ಲಿ ಸೆಫೆಪಿಮ್ ನೆರವಿಗೆ ಬರುತ್ತದೆ. ಆಂಪ್‌ಸಿ ಅದನ್ನು ಹೆಚ್ಚು ಒಡೆಯಲಾರದು, ಇಎಸ್‌ಬಿಎಲ್ ಒಡೆಯುತ್ತದೆ. 30 ಮೈಕ್ರೋಗ್ರಾಂ ಸೆಫೆಪಿಮ್ ಡಿಸ್ಕ್, ಪಕ್ಕದಲ್ಲಿ 30/10 ಸೆಫೆಪಿಮ್-ಕ್ಲಾವುಲನೇಟ್ ಡಿಸ್ಕ್. 5 ಮಿ.ಮೀ. ಅಥವಾ ಹೆಚ್ಚು ಏರಿದರೆ ಇಎಸ್‌ಬಿಎಲ್ ಇದೆ.

ಆಂಪ್‌ಸಿ ನೋಡಲು ಲೀಟರಿಗೆ 250 ಮಿ.ಗ್ರಾಂ ಕ್ಲಾಕ್ಸಾಸಿಲಿನ್ ಬೆರೆಸಿದ ಮುಲ್ಲರ್-ಹಿಂಟನ್ ತಟ್ಟೆ, ಹೋಲಿಕೆಗೆ ಸಾದಾ ತಟ್ಟೆ. ಎರಡರ ಮೇಲೂ ಅದೇ ಡಿಸ್ಕ್‌ಗಳು, ಅದೇ ಸಸ್ಪೆನ್ಷನ್. ಕ್ಲಾಕ್ಸಾಸಿಲಿನ್ ಆಂಪ್‌ಸಿಯನ್ನು ತಡೆಯುತ್ತದೆ, ಕೆಪಿಸಿಯನ್ನು ತಡೆಯುವುದಿಲ್ಲ. ಬೋರಾನಿಕ್ ಆಮ್ಲ ಮಾತ್ರ ಇಟ್ಟು ತೀರ್ಮಾನಿಸುವವರು ಇಲ್ಲಿಯೇ ಮೋಸ ಹೋಗುತ್ತಾರೆ. ಅದು ಆಂಪ್‌ಸಿ, ಕೆಪಿಸಿ ಎರಡನ್ನೂ ತಡೆಯುವುದರಿಂದ ವಲಯ ಏರಿದರೂ ಯಾವುದರಿಂದ ಏರಿತು ಎಂದು ತಿಳಿಯದು.

ಸೆಫಾಕ್ಸಿಟಿನ್ 12 ಬಂದಿದೆ ಎಂದ ಮಾತ್ರಕ್ಕೆ ಆಂಪ್‌ಸಿ ಎನ್ನಬೇಡಿ. ಪೋರಿನ್ ಕೆಟ್ಟರೂ ಸೆಫಾಕ್ಸಿಟಿನ್ ಬೀಳುತ್ತದೆ. ಕ್ಲಾಕ್ಸಾಸಿಲಿನ್ ತಟ್ಟೆಯಲ್ಲಿ ಸೆಫಾಕ್ಸಿಟಿನ್ ಅಲುಗದೆ ಹಾಗೇ ಉಳಿದರೆ ಬಾಗಿಲಿನ ತೊಂದರೆ, ಏರಿದರೆ ಕಿಣ್ವ, ಸ್ವಲ್ಪ ಏರಿ ನಿಂತರೆ ಎರಡೂ.

ಇನ್ನೊಂದು ವಿಷಯ. ಎಂಟರೊಬ್ಯಾಕ್ಟರ್ ಕ್ಲೊಯಾಕೆ, ಸಿಟ್ರೊಬ್ಯಾಕ್ಟರ್ ಫ್ರೂಂಡಿ, ಕ್ಲೆಬ್ಸಿಯೆಲ್ಲಾ ಏರೊಜೆನೆಸ್ ಇವುಗಳ ಕ್ರೋಮೋಸೋಮಿನಲ್ಲೇ ಆಂಪ್‌ಸಿ ಇದೆ. ಸೆಫ್ಟ್ರಿಯಾಕ್ಸೋನ್ ಕೊಡುತ್ತಿರುವಾಗಲೇ ಕಡಿವಾಣ ತಪ್ಪಿದ ರೂಪಾಂತರಿಗಳು ಮೇಲೆದ್ದು ಚಿಕಿತ್ಸೆ ಕೈಕೊಡುವುದು ಅವುಗಳಲ್ಲೇ. ಕೆ. ನ್ಯುಮೋನಿಯೆಗೆ ಹುಟ್ಟಿನಿಂದ ಬಂದ ಆಂಪ್‌ಸಿ ಇಲ್ಲ. ಅದರಲ್ಲಿ ಆಂಪ್‌ಸಿ ಕಂಡರೆ ಸಿಎಂವೈ, ಡಿಎಚ್‌ಎ ಮುಂತಾದವು ಪ್ಲಾಸ್ಮಿಡ್ ಮೂಲಕ ಬಂದವು ಎಂದೇ ತಿಳಿಯಬೇಕು.

ಉತ್ತರ 4: ಎರಡರ_ಮಡಿ

ಕೊಲಿಸ್ಟಿನ್ ಡಿಸ್ಕನ್ನು ಎತ್ತಿ ಪಕ್ಕಕ್ಕಿಡಿ. 13 ಮಿ.ಮೀ.ಗೆ ಯಾವ ಅರ್ಥವೂ ಇಲ್ಲ. ಕೊಲಿಸ್ಟಿನ್ ದೊಡ್ಡ ಅಣು, ಮೇಲಾಗಿ ಧನಾವೇಶದ್ದು; ಅಗಾರ್‌ನಲ್ಲಿ ಹರಡುವುದು ತೀರಾ ಕಡಿಮೆ. ಸಂವೇದಿ ತಳಿಗೂ ಪ್ರತಿರೋಧಿ ತಳಿಗೂ ವಲಯದಲ್ಲಿ ಒಂದೆರಡು ಮಿ.ಮೀ. ಅಂತರ, ಅಷ್ಟೆ. ಗ್ರೇಡಿಯೆಂಟ್ ಪಟ್ಟಿಗಳದ್ದೂ ಇದೇ ಹಣೆಬರಹ, ಅವು ಪ್ರತಿರೋಧವನ್ನು ಮುಚ್ಚಿಹಾಕುವ ಕಡೆಗೇ ವಾಲುತ್ತವೆ. ಸಿಎಲ್‌ಎಸ್‌ಐ, ಯುಕಾಸ್ಟ್ ಜಂಟಿಯಾಗಿ 2016ರಲ್ಲಿ ಒಪ್ಪಿದ ವಿಧಾನ ಬ್ರಾತ್ ಮೈಕ್ರೋಡೈಲ್ಯೂಷನ್, ಅಂದರೆ ತಟ್ಟೆಯ ಪುಟ್ಟ ಕುಳಿಗಳಲ್ಲಿ ಔಷಧವನ್ನು ಮೆಟ್ಟಿಲು ಮೆಟ್ಟಿಲಾಗಿ ತೆಳುಮಾಡಿ ಬೆಳವಣಿಗೆ ನೋಡುವುದು.

ಕೊಲಿಸ್ಟಿನ್ ಸಲ್ಫೇಟ್ ಪುಡಿಯನ್ನೇ ಬಳಸಿ. ಚುಚ್ಚುಮದ್ದಿನ ಸೀಸೆಯಲ್ಲಿರುವುದು ಸಾಮಾನ್ಯವಾಗಿ ಮೀಥೇನ್‌ಸಲ್ಫೋನೇಟ್. ಅದು ಮೆಲ್ಲಗೆ ಒಡೆದು ಕೊಲಿಸ್ಟಿನ್ ಆಗಬೇಕಾದ ಪೂರ್ವರೂಪ. ಅದರಿಂದ ಎಂಐಸಿ (ಬೆಳವಣಿಗೆ ತಡೆಯುವ ಅತಿ ಕಡಿಮೆ ಸಾಂದ್ರತೆ) ತೆಗೆದರೆ ಅಂಕಿಯೇ ಸುಳ್ಳು. ತಟ್ಟೆ ಸಾದಾ ಪಾಲಿಸ್ಟೈರೀನ್ ಆಗಿರಲಿ, ಅಂಗಾಂಶ ಕೃಷಿಗೆಂದು ಸಂಸ್ಕರಿಸಿದ್ದು ಬೇಡ. ಪಾಲಿಸಾರ್ಬೇಟ್-80 ಸೇರಿಸಬೇಡಿ. ಬ್ರಾತ್ ಕ್ಯಾಟಯಾನ್ ಹೊಂದಿಸಿದ ಮುಲ್ಲರ್-ಹಿಂಟನ್, ಲೀಟರಿಗೆ ಕ್ಯಾಲ್ಸಿಯಂ 20ರಿಂದ 25 ಮಿ.ಗ್ರಾಂ, ಮೆಗ್ನೀಸಿಯಂ 10ರಿಂದ 12.5 ಮಿ.ಗ್ರಾಂ. ಈ ಎರಡು ಅಯಾನುಗಳು ಹೊರಪೊರೆಯನ್ನು ಹೊಲಿಯುತ್ತವೆ ಎಂದು ಮೇಲೆ ಓದಿದಿರಿ. ಕೊಲಿಸ್ಟಿನ್ ಬಂದು ಅವನ್ನು ಕಿತ್ತು ಆ ಜಾಗದಲ್ಲಿ ತಾನು ಕೂರುತ್ತದೆ. ಬ್ರಾತ್‌ನಲ್ಲಿ ಅವು ಕಡಿಮೆಯಾದರೆ ಕೊಲಿಸ್ಟಿನ್ ಇಲ್ಲದ ಬಲ ತೋರಿಸುತ್ತದೆ, ಹೆಚ್ಚಾದರೆ ಇದ್ದ ಬಲವೂ ಮರೆಯಾಗುತ್ತದೆ.

0.5 ಮ್ಯಾಕ್‌ಫರ್ಲ್ಯಾಂಡ್ ಎಂದರೆ ಮಿ.ಲೀ.ಗೆ ಸುಮಾರು 10 ಕೋಟಿ ಕೋಶ. ಅದನ್ನು ಬ್ರಾತ್‌ನಲ್ಲಿ 100 ಪಟ್ಟು ತೆಳುಮಾಡಿ, 50 ಮೈಕ್ರೋಲೀಟರ್ ಔಷಧವಿರುವ ಕುಳಿಗೆ 50 ಮೈಕ್ರೋಲೀಟರ್ ಹಾಕಿದರೆ ಕೊನೆಗೆ ಮಿ.ಲೀ.ಗೆ 5 ಲಕ್ಷ ಸಿಗುತ್ತದೆ. ಔಷಧವನ್ನು ಎರಡು ಪಟ್ಟು ಸಾಂದ್ರವಾಗಿ ತಯಾರಿಸಿಕೊಳ್ಳುವುದನ್ನು ಮರೆಯಬೇಡಿ, ಕುಳಿಯಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಸಾಂದ್ರತೆ ಲೀಟರಿಗೆ 0.25ರಿಂದ 16 ಮಿ.ಗ್ರಾಂವರೆಗೆ ಸಾಕು. 35 ಡಿಗ್ರಿ, 16ರಿಂದ 20 ಗಂಟೆ.

ಇನಾಕ್ಯುಲಂ (ಹಾಕಿದ ಕೋಶಗಳ ಪ್ರಮಾಣ) ಸರಿಯಿತ್ತೇ ಎಂದು ನೋಡುವುದು ಸುಲಭ, ಆದರೂ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಕೋಶ ಹಾಕಿದ ಕೂಡಲೇ ಔಷಧವಿಲ್ಲದ ಕುಳಿಯಿಂದ 10 ಮೈಕ್ರೋಲೀಟರ್ ತೆಗೆದು 10 ಮಿ.ಲೀ. ಸಲೈನ್‌ಗೆ ಹಾಕಿ, ಅದರಿಂದ 100 ಮೈಕ್ರೋಲೀಟರ್ ತಟ್ಟೆಗೆ ಹರಡಿ. ಮರುದಿನ 50ರ ಆಸುಪಾಸು ಕಾಲನಿ ಇರಬೇಕು. 200 ಇದ್ದರೆ ಆ ದಿನದ ಎಂಐಸಿಗಳನ್ನು ನಂಬಬೇಡಿ. ಬೀಟಾ-ಲ್ಯಾಕ್ಟಂಗಳಿಗಂತೂ ಕೋಶ ಹೆಚ್ಚಾದಷ್ಟೂ ಕಿಣ್ವ ಹೆಚ್ಚು, ಎಂಐಸಿ ಸುಳ್ಳೇ ಏರುತ್ತದೆ.

ಕಂಟ್ರೋಲ್: ಇ. ಕೋಲಿ 25922 ಲೀಟರಿಗೆ 0.25ರಿಂದ 2 ಮಿ.ಗ್ರಾಂ ಒಳಗೆ ಬರಬೇಕು. ಪ್ರತಿರೋಧವನ್ನು ಹಿಡಿಯುತ್ತದೆಯೇ ಎಂದು ನೋಡಲು ಕೊಲಿಸ್ಟಿನ್ ಪ್ರತಿರೋಧ ಕೊಡುವ ಜೀನ್ ಎಂಸಿಆರ್-1 ಇರುವ ಇ. ಕೋಲಿ ಎನ್‌ಸಿಟಿಸಿ 13846 ಇಡಿ, ಅದು 4 ಕೊಡಬೇಕು, ಎಲ್ಲೋ ಒಮ್ಮೆ 2 ಅಥವಾ 8. ಓದುವಾಗ 1ರಲ್ಲಿ ಬೆಳವಣಿಗೆ ಇಲ್ಲ, 2ರಲ್ಲಿಲ್ಲ, 4ರಲ್ಲಿ ಇದೆ, 8ರಲ್ಲಿಲ್ಲ ಎಂಬಂತೆ ಕುಳಿ ಹಾರಿ ಬೆಳೆದರೆ ಅದನ್ನು ಕಲಬೆರಕೆ ಎಂದು ತಳ್ಳಿಹಾಕುವ ಮುಂಚೆ ಆ ಕುಳಿಯಿಂದ ಮತ್ತೆ ಬೆಳೆಸಿ ನೋಡಿ. ಗುಂಪಿನೊಳಗೆ ಅಲ್ಪಸಂಖ್ಯೆಯ ಪ್ರತಿರೋಧಿ ಕೋಶಗಳಿರುವ ಸಂಭವವುಂಟು.

2 ದಾಟಿದರೆ ಪ್ರತಿರೋಧಿ. 2 ಅಥವಾ ಕಡಿಮೆ ಇದ್ದರೂ ಸಿಎಲ್‌ಎಸ್‌ಐ ಈಗ "ಸಂವೇದಿ" ಎನ್ನುವುದಿಲ್ಲ, "ಮಧ್ಯಮ" ಎನ್ನುತ್ತದೆ. ರಕ್ತದಲ್ಲಿ ಸುರಕ್ಷಿತವಾಗಿ ಮುಟ್ಟಬಹುದಾದ ಕೊಲಿಸ್ಟಿನ್ ಮಟ್ಟವೇ ಆ ಅಂಕಿಯ ಹತ್ತಿರ ಇದೆ, ಮೂತ್ರಪಿಂಡಕ್ಕೆ ಏಟು ಬೀಳದೆ ಮೇಲೆ ಏರಿಸುವುದು ಕಷ್ಟ.

ಕ್ಲೆಬ್ಸಿಯೆಲ್ಲಾದಲ್ಲಿ ಕೊಲಿಸ್ಟಿನ್ ಪ್ರತಿರೋಧ ಹೆಚ್ಚಾಗಿ ಎಂಜಿಆರ್‌ಬಿ ಎಂಬ ಪುಟ್ಟ ಜೀನ್ ಕೆಡುವುದರಿಂದ ಬರುತ್ತದೆ. ಅದು ಕೆಟ್ಟರೆ ಲಿಪಿಡ್ ಎಗೆ ಅಮಿನೊಅರಾಬಿನೋಸ್ ಅಂಟಿ ಋಣಾವೇಶ ಇಳಿಯುತ್ತದೆ, ಕೊಲಿಸ್ಟಿನ್‌ಗೆ ಹಿಡಿದುಕೊಳ್ಳಲು ಆಸರೆ ಸಿಗುವುದಿಲ್ಲ. 2015ರ ಕೊನೆಯಲ್ಲಿ ಚೀನಾದಿಂದ ವರದಿಯಾದ ಎಂಸಿಆರ್-1 ಫಾಸ್ಫೋಎಥನಾಲಮೈನ್ ಅಂಟಿಸಿ ಅದೇ ಕೆಲಸ ಮಾಡುತ್ತದೆ. ವ್ಯತ್ಯಾಸ ಇಷ್ಟೇ, ಅದು ಪ್ಲಾಸ್ಮಿಡ್ ಮೇಲಿದೆ. ಪ್ರೋಟಿಯಸ್, ಸೆರಾಷಿಯಾ ಹುಟ್ಟಾ ಪ್ರತಿರೋಧಿಗಳು, ಅವುಗಳಿಗೆ ಕೊಲಿಸ್ಟಿನ್ ಪರೀಕ್ಷೆ ಮಾಡುವುದೇ ವ್ಯರ್ಥ.

ಉತ್ತರ 5: ಹೊಸ_ಬೆಂಚ್

ಹಾಗಾದರೆ ಎಂಸಿಐಎಂ ನೆಗೆಟಿವ್ ಬಂದ ಮೇಲೆ ಇದು ಸಿಆರ್‌ಇ (ಕಾರ್ಬಪೆನೆಮ್‌ಗೆ ಜಗ್ಗದ ಕರುಳಿನ ಬ್ಯಾಕ್ಟೀರಿಯಾ) ಅಲ್ಲ ಎಂದು ಬರೆಯಬಹುದಲ್ಲವೇ? ಇನ್ನೊಂದು, ಸ್ಯೂಡೊಮೊನಾಸ್‌ನಲ್ಲೂ ಎರ್ಟಾಪೆನೆಮ್ ಮೊದಲು ಬೀಳುತ್ತದೆ ಎಂದುಕೊಳ್ಳಬಹುದೇ?

ಉತ್ತರ 6: ಹೊರಪೊರೆ

ಎರಡಕ್ಕೂ ಇಲ್ಲ.

ಸಿಆರ್‌ಇ ಎನ್ನುವುದು ಔಷಧಕ್ಕೆ ಸೋಲದ ಗುಣಕ್ಕೆ ಕೊಟ್ಟ ಹೆಸರು. ಯಾವುದೇ ಒಂದು ಕಾರ್ಬಪೆನೆಮ್‌ಗೆ ಪ್ರತಿರೋಧ ಇದ್ದರೂ ಸಾಕು, ಎರ್ಟಾಪೆನೆಮ್ ಒಂದೇ ಆದರೂ ಸರಿ. ಕಾರ್ಬಪೆನಿಮೇಸ್ ಇದೆಯೋ ಇಲ್ಲವೋ ಎನ್ನುವುದು ಅದರ ಕಾರಣದ ಪ್ರಶ್ನೆ. ಇದು ಸಿಆರ್‌ಇ ಹೌದು, ಕಾರ್ಬಪೆನಿಮೇಸ್ ತಯಾರಿಸುವ ಸಿಆರ್‌ಇ ಎಂದು ಇನ್ನೂ ಸಾಬೀತಾಗಿಲ್ಲ.

ಸ್ಯೂಡೊಮೊನಾಸ್ ಎರುಗಿನೋಸಾಗೆ ಎರ್ಟಾಪೆನೆಮ್ ಮೊದಲಿನಿಂದಲೂ ನಾಟುವುದಿಲ್ಲ, ಪರೀಕ್ಷಿಸಲೇಬೇಡಿ. ಅದರ ಹೊರಪೊರೆ ಇ. ಕೋಲಿಯದಕ್ಕಿಂತ ಹತ್ತಾರು ಪಟ್ಟು ಬಿಗಿ. ಅಲ್ಲಿ ಇಮಿಪೆನೆಮ್ ಒಳಬರುವುದು ಒಪಿಆರ್‌ಡಿ ಎಂಬ ದಾರಿಯಿಂದ, ಅದು ಧನಾವೇಶದ ಅಮೈನೋ ಆಮ್ಲಗಳಿಗೆಂದು ಇರುವ ದಾರಿ. ಒಪಿಆರ್‌ಡಿ ಕೆಟ್ಟರೆ ಇಮಿಪೆನೆಮ್ ಬೀಳುತ್ತದೆ, ಮೆರೊಪೆನೆಮ್‌ನ ಎಂಐಸಿ ತುಸು ಏರಿ ನಿಲ್ಲುತ್ತದೆ. ಮೆಕ್ಸ್‌ಎಬಿ-ಒಪಿಆರ್‌ಎಂ ಪಂಪ್ ಜೋರಾದರೆ ತದ್ವಿರುದ್ಧ: ಮೆರೊಪೆನೆಮ್ ಹೊರಬೀಳುತ್ತದೆ, ಇಮಿಪೆನೆಮ್ ಆ ಪಂಪಿನ ಕೈಗೆ ಸಿಗದು. ಕ್ಲೆಬ್ಸಿಯೆಲ್ಲಾದ ಲೆಕ್ಕವನ್ನು ಹಾಗೇ ಅಲ್ಲಿಗೆ ಒಯ್ದರೆ ಓದು ತಲೆಕೆಳಗಾಗುತ್ತದೆ.

ಪ್ರಶ್ನೆ ಕೇಳಿದವರಿಂದ: ತಟ್ಟೆ_ಓದುಗ

ಹೇಳಿದ್ದನ್ನೆಲ್ಲ ಮಾಡಿದೆ. ಎಂಸಿಐಎಂ ಮತ್ತೊಮ್ಮೆ, ಎರಡೂ ಬಿಎಎ ಕಂಟ್ರೋಲ್ ಜತೆ: ಕಂಟ್ರೋಲ್‌ಗಳು ಸರಿ, ನಮ್ಮದು ಮತ್ತೆ 21, ವಲಯ ಶುಭ್ರ. ಐದು ಜೀನಿಗೂ ಪಿಸಿಆರ್ ನೆಗೆಟಿವ್. ಸೆಫೆಪಿಮ್ 17, ಕ್ಲಾವುಲನೇಟ್ ಜತೆ 24. ಕ್ಲಾಕ್ಸಾಸಿಲಿನ್ ತಟ್ಟೆಯಲ್ಲಿ ಸೆಫ್ಟಾಜಿಡಿಮ್ 11ರಿಂದ 16, ಸೆಫಾಕ್ಸಿಟಿನ್ 12ರಿಂದ 15. ಮೆರೊಪೆನೆಮ್ ಎಂಐಸಿ ಲೀಟರಿಗೆ 1 ಮಿ.ಗ್ರಾಂ, ಕೊಲಿಸ್ಟಿನ್ 0.5.

ವರದಿಯಲ್ಲಿ ಮೆರೊಪೆನೆಮ್ ಸಂವೇದಿ ಎಂದೇ ಬಿಡಬೇಕೇ, ಎರ್ಟಾಪೆನೆಮ್ ಸೋತಿರುವುದರಿಂದ ಅದನ್ನೂ ಪ್ರತಿರೋಧಿ ಎಂದು ತಿದ್ದಬೇಕೇ?

ಉತ್ತರ 7: ಬೀಟಾ_ಉಂಗುರ

ಸೆಫೆಪಿಮ್ 7 ಮಿ.ಮೀ. ಏರಿದೆ, ಇಎಸ್‌ಬಿಎಲ್ ಖಚಿತ. ಸೆಫ್ಟಾಜಿಡಿಮ್ 5 ಏರಿದೆ, ಪ್ಲಾಸ್ಮಿಡ್ ಆಂಪ್‌ಸಿ ಇದೆ ಎನ್ನಲು ಬಲವಾದ ಆಧಾರ. ಸೆಫಾಕ್ಸಿಟಿನ್ ಸ್ವಲ್ಪ ಏರಿ ಅಲ್ಲೇ ನಿಂತಿದೆ, ಉಳಿದ ಕೊರತೆ ಪೋರಿನ್‌ನದು. ಅದನ್ನು ಕಣ್ಣಾರೆ ಕಾಣಬೇಕಾದರೆ ಒಂಪ್‌ಕೆ35, ಒಂಪ್‌ಕೆ36 ಜೀನ್‌ಗಳ ಸೀಕ್ವೆನ್ಸ್ ಓದಿಸಬೇಕು. ಆ ಜೀನ್‌ಗಳ ಪಿಸಿಆರ್ ತುಣುಕು ನಿರೀಕ್ಷೆಗಿಂತ ಸಾವಿರ ಬೇಸ್ ಉದ್ದ ಬಂದರೆ ಒಳಗೆ ಜಿಗಿತದ ತುಣುಕು ಕೂತಿದೆ ಎಂದು ಜೆಲ್‌ನಲ್ಲೇ ಗೊತ್ತಾಗುತ್ತದೆ.

ಉತ್ತರ 8: ಕಂಟ್ರೋಲ್_ಪ್ಲೇಟ್

ತಿದ್ದಬೇಡಿ. 2010ರಲ್ಲಿ ಸಿಎಲ್‌ಎಸ್‌ಐ ಕಾರ್ಬಪೆನೆಮ್ ಮಿತಿಗಳನ್ನು ಇಳಿಸಿದ ಮೇಲೆ ಬಂದ ಅಂಕಿಯನ್ನು ಬಂದ ಹಾಗೇ ವರದಿ ಮಾಡುವುದು ನಿಯಮ. ಎರ್ಟಾಪೆನೆಮ್ ಪ್ರತಿರೋಧಿ, ಮೆರೊಪೆನೆಮ್ ಸಂವೇದಿ, ಎಂಐಸಿ 1 ಎಂದು ಅಂಕಿ ಸಮೇತ ಬರೆಯಿರಿ. "ಕಾರ್ಬಪೆನಿಮೇಸ್ ಪತ್ತೆಯಾಗಿಲ್ಲ, ಎಂಸಿಐಎಂ ಮತ್ತು ಐದು ಜೀನ್ ಪರೀಕ್ಷೆ ಮಾಡಲಾಗಿದೆ" ಎಂಬ ಸಾಲನ್ನು ಸೇರಿಸಿ. ವೈದ್ಯರಿಗೆ ಈ ಸಾಲೇ ಮುಖ್ಯ. ಈ ಬಗೆಯ ತಳಿಗೆ, ಮೂತ್ರನಾಳದ ಹೊರಗಿನ ಸೋಂಕಿನಲ್ಲಿ, ಮೆರೊಪೆನೆಮನ್ನು 3 ಗಂಟೆ ಕಾಲ ನಿಧಾನವಾಗಿ ಹರಿಸುವುದು ಸ್ವೀಕೃತ ದಾರಿ. ಬೀಟಾ-ಲ್ಯಾಕ್ಟಂ ಔಷಧದ ಫಲ ನಿಂತಿರುವುದು ರಕ್ತದ ಮಟ್ಟ ಎಂಐಸಿಗಿಂತ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎನ್ನುವುದರ ಮೇಲೆ. ನಿಧಾನವಾಗಿ ಕೊಟ್ಟರೆ ಆ ಹೊತ್ತು ಹಿಗ್ಗುತ್ತದೆ. ಡೋಸ್ ನಿರ್ಧಾರ ಚಿಕಿತ್ಸೆ ಕೊಡುವವರದು, ಮೂತ್ರಪಿಂಡದ ಸ್ಥಿತಿ ನೋಡಿ.

ನಿಮ್ಮ ಎಂಐಸಿ 1 ಸರಿಯಾಗಿ ಮಿತಿಯ ಗೆರೆಯ ಮೇಲಿದೆ. ಮೈಕ್ರೋಡೈಲ್ಯೂಷನ್‌ನಲ್ಲಿ ಒಂದು ಮೆಟ್ಟಿಲು ಆಚೀಚೆ ಸಹಜ, ನಾಳೆ ಅದೇ ತಳಿ 2 ತೋರಿಸಿದರೆ ಆಶ್ಚರ್ಯಪಡಬೇಡಿ. ಇದನ್ನು ಫೋನಿನಲ್ಲೇ ತಿಳಿಸಿಬಿಡಿ. ಚಿಕಿತ್ಸೆಯ ನಡುವೆ ಮತ್ತೆ ಕಲ್ಚರ್ ಬೆಳೆದರೆ ಹಳೆಯ ವರದಿಯನ್ನು ನೆಚ್ಚಿಕೊಳ್ಳದೆ ಎಂಐಸಿಯನ್ನು ಹೊಸದಾಗಿ ತೆಗೆಯಿರಿ, ಉಳಿದಿರುವ ಅರ್ಧ ಬಾಗಿಲೂ ಮುಚ್ಚಿದ ರೂಪಾಂತರಿ ಎದ್ದಿರಬಹುದು.

ಕಾರ್ಬಪೆನಿಮೇಸ್ ಸಿಕ್ಕಿದ್ದರೆ ದಾರಿಯೇ ಬೇರೆಯಾಗುತ್ತಿತ್ತು. ಕೆಪಿಸಿ, ಆಕ್ಸಾ-48 ಎರಡಕ್ಕೂ ಸೆಫ್ಟಾಜಿಡಿಮ್-ಅವಿಬ್ಯಾಕ್ಟಂ. ಅವಿಬ್ಯಾಕ್ಟಂನಂತೆಯೇ ಕಿಣ್ವ ತಡೆಯುವ ವ್ಯಾಬೋರ್‌ಬ್ಯಾಕ್ಟಂ ಆಕ್ಸಾ-48ಕ್ಕೆ ನಾಟದು. ಎನ್‌ಡಿಎಂ ಸತುವನ್ನಿಟ್ಟುಕೊಂಡು ಕೆಲಸ ಮಾಡುವ ಕಿಣ್ವ, ಅವಿಬ್ಯಾಕ್ಟಂ ಅದರ ಮುಂದೆ ನಿಲ್ಲುವುದಿಲ್ಲ. ಅಲ್ಲಿ ಅಜ್‌ಟ್ರಿಯೊನಾಮ್ ಸೇರಿಸುತ್ತಾರೆ. ಅದನ್ನು ಎನ್‌ಡಿಎಂ ಒಡೆಯಲಾರದು, ಒಡೆಯುವ ಇಎಸ್‌ಬಿಎಲ್‌ಅನ್ನು ಅವಿಬ್ಯಾಕ್ಟಂ ನೋಡಿಕೊಳ್ಳುತ್ತದೆ. ಸೆಫಿಡೆರೊಕಾಲ್ ಇನ್ನೊಂದು ಆಯ್ಕೆ. ಅದು ಕಬ್ಬಿಣ ಹೊತ್ತು ಕಬ್ಬಿಣದ ಬಾಗಿಲಿನಿಂದ ಒಳಬರುವುದರಿಂದ ಪೋರಿನ್ ಹಂಗಿಲ್ಲ. ಪರೀಕ್ಷಿಸುವಾಗ ಮಾತ್ರ ಕಬ್ಬಿಣ ತೆಗೆದ ಬ್ರಾತ್ ಬೇಕು, ಲೀಟರಿಗೆ 0.03 ಮಿ.ಗ್ರಾಂ ಮೀರಬಾರದು.

ತಳಿಯನ್ನು ಇವತ್ತೇ ಕೂಡಿಡಿ: 15ರಿಂದ 20 ಶೇಕಡಾ ಗ್ಲಿಸರಾಲ್ ಬೆರೆಸಿದ ಬ್ರಾತ್, ಮೈನಸ್ 70 ಡಿಗ್ರಿ ಅಥವಾ ಅದಕ್ಕೂ ಕೆಳಗೆ, ಎರಡು ಸೀಸೆ. ಮೊದಲ ತಟ್ಟೆಯ ಬೆಳವಣಿಗೆಯಿಂದಲೇ ತೆಗೆಯಿರಿ, ಹಲವು ಕಾಲನಿಗಳನ್ನು ಒಟ್ಟಿಗೆ ಗುಡಿಸಿ. ಔಷಧವಿಲ್ಲದ ತಟ್ಟೆಯಲ್ಲಿ ಮೇಲಿಂದ ಮೇಲೆ ಬೆಳೆಸಿದರೆ ಪ್ಲಾಸ್ಮಿಡ್ ಉದುರಿಹೋಗಬಹುದು, ಆಮೇಲೆ ಸೀಕ್ವೆನ್ಸ್ ಮಾಡಿಸಿದಾಗ ನೀವು ಹುಡುಕುತ್ತಿರುವ ಆಂಪ್‌ಸಿ ಜೀನ್ ಅಲ್ಲಿ ಇರುವುದೇ ಇಲ್ಲ. ಎಷ್ಟನೆಯ ಸಬ್‌ಕಲ್ಚರ್ ಎಂಬುದನ್ನು ಸೀಸೆಯ ಮೇಲೆಯೇ ಬರೆದಿಡಿ.